ಐದು ಎಣಿಸುವ ಕೈ

ನಮ್ಮ ರೋಬಾಟಿಕ್ಸ್ ತಂಡದ ಬಗ್ಗೆ ಈ ಪತ್ರಿಕೆಯಲ್ಲಿ ಬರೆದವರೆಲ್ಲ ರೋಬಾಟ್‌ನಿಂದಲೇ ಶುರು ಮಾಡಿದ್ದಾರೆ. ಮೋಟಾರು, ಗೇರು, ಕೋಡು, ರಾತ್ರಿ ಚೆನ್ನಾಗಿ ಓಡಿದ್ದು, ಬೆಳಿಗ್ಗೆ ಕೈಕೊಟ್ಟಿದ್ದು. ಎಲ್ಲ ನಿಜ. ಆದರೆ ಶಾಲೆ ಬಿಟ್ಟು ಇಷ್ಟು ವರ್ಷವಾದ ಮೇಲೆ ನನಗೆ ಜಾಸ್ತಿ ನೆನಪಾಗುವವರು ಕಪ್ಪು ಬಿಳಿ ಪಟ್ಟೆಯ ಅಂಗಿ ಹಾಕಿಕೊಂಡು ಫೀಲ್ಡ್ ಪಕ್ಕ ನಿಂತಿರುತ್ತಿದ್ದ ರೆಫರಿಗಳು. ಅವರ ಬಗ್ಗೆ ಯಾರೂ ಬರೆದಿಲ್ಲ. ನಾನಾದರೂ ಬರೆಯಬೇಕು ಅನ್ನಿಸಿತು.

ಆಟ ನೋಡದವರಿಗೆ ಎರಡು ಮಾತು. ನಾವು ಆಡುತ್ತಿದ್ದದ್ದು ಫಸ್ಟ್ ಟೆಕ್ ಚಾಲೆಂಜ್ ಅನ್ನುವ ಶಾಲಾ ಮಕ್ಕಳ ರೋಬಾಟ್ ಸ್ಪರ್ಧೆ. 12 ಅಡಿ ಉದ್ದ, 12 ಅಡಿ ಅಗಲದ ಫೀಲ್ಡ್. ನೆಲಕ್ಕೆ ಎರಡೆರಡು ಅಡಿಯ ಫೋಮ್ ಟೈಲುಗಳು, ಸುತ್ತ ಗಿಡ್ಡ ಗೋಡೆ. ಒಟ್ಟಿಗೆ ಆಡುವ ತಂಡಗಳ ಜೋಡಿಗೆ ಅಲಯನ್ಸ್ ಅನ್ನುತ್ತಾರೆ. ಕೆಂಪು ಅಲಯನ್ಸ್‌ನಲ್ಲಿ ಎರಡು ತಂಡ, ನೀಲಿಯಲ್ಲಿ ಎರಡು. ಮ್ಯಾಚ್ ಶುರುವಾಗುವಾಗ ರೋಬಾಟ್ 18 ಇಂಚಿನ ಪೆಟ್ಟಿಗೆಯೊಳಗೆ ಹಿಡಿಸುವಷ್ಟಿರಬೇಕು. ಮೊದಲ 30 ಸೆಕೆಂಡು ಅದು ತನ್ನ ಪಾಡಿಗೆ ತಾನು ಓಡುತ್ತದೆ, ಯಾರೂ ಮುಟ್ಟುವಂತಿಲ್ಲ. ಆಮೇಲಿನ 2 ನಿಮಿಷ ಡ್ರೈವರ್‌ಗಳದು, ಅಂದರೆ ಹೊರಗೆ ನಿಂತು ರೋಬಾಟ್ ಓಡಿಸುವ ಮಕ್ಕಳದು. ಲೀಗ್ ಹಂತದಲ್ಲಿ ಜೊತೆಗಾರರು ಮ್ಯಾಚ್‌ನಿಂದ ಮ್ಯಾಚ್‌ಗೆ ಬದಲಾಗುತ್ತಾರೆ. ಈಗ ಹೆಗಲು ಕೊಟ್ಟವರೇ ಸ್ವಲ್ಪ ಹೊತ್ತಿನಲ್ಲಿ ಎದುರು ನಿಂತಿರುತ್ತಾರೆ.

ನಮ್ಮ ಕಾಲದಲ್ಲಿ ಇನ್ನೊಂದು ಲೆಕ್ಕ ಇತ್ತು. ನನಗೆ ಅದು ಈಗಲೂ ತುಂಬಾ ಇಷ್ಟ. ಇಬ್ಬರದೂ ಗೆಲುವು ಸಮವಾದರೆ ಯಾರು ಮೇಲೆ ಅಂತ ನೋಡುವಾಗ, ಅವರು ಆಡಿದ ಮ್ಯಾಚ್‌ಗಳಲ್ಲಿ ಸೋತ ಅಲಯನ್ಸ್ ಎಷ್ಟು ಗಳಿಸಿತ್ತು ಅನ್ನುವುದನ್ನು ಹಿಡಿಯುತ್ತಿದ್ದರು, ಅದೂ ಪೆನಾಲ್ಟಿಯ ಅಂಕ ಬಿಟ್ಟು. ಅಂದರೆ ಎದುರಾಳಿಯನ್ನು ಸೊನ್ನೆಗೆ ಕಟ್ಟಿಹಾಕಿ ಗೆದ್ದರೆ ಈ ಲೆಕ್ಕದಲ್ಲಿ ನಮಗೆ ಸಿಗುವುದೂ ಸೊನ್ನೆಯೇ. ಅವರೂ ಚೆನ್ನಾಗಿ ಆಡಬೇಕು, ನಾವು ಇನ್ನೂ ಸ್ವಲ್ಪ ಚೆನ್ನಾಗಿ ಆಡಬೇಕು. ಎದುರಿನ ರೋಬಾಟ್ ಕೆಟ್ಟು ನಿಂತರೆ ಚಪ್ಪಾಳೆ ತಟ್ಟುವ ಅಭ್ಯಾಸ ನಮಗೆ ಹತ್ತಲಿಲ್ಲವಲ್ಲ, ಅದಕ್ಕೆ ಈ ಲೆಕ್ಕವೂ ಒಂದು ಕಾರಣ. ಒಳ್ಳೆಯತನವನ್ನು ಬರೀ ಬಾಯಿಮಾತಲ್ಲಿ ಹೇಳದೆ ಅಂಕದೊಳಗೇ ಸೇರಿಸಿಟ್ಟಿದ್ದರು.

ಇದರ ಬೇರು ಎಲ್ಲಿಯದು ಅಂತ ನಮ್ಮ ಕೋಚ್ ಆಗಿದ್ದ ಮೇಷ್ಟ್ರು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತಿದ್ದರು. ಅಮೆರಿಕದ ಸಂಶೋಧಕ ಡೀನ್ ಕೇಮನ್ 1989ರಲ್ಲಿ, ಈ ಸ್ಪರ್ಧೆಗಳನ್ನು ನಡೆಸುವ ಫಸ್ಟ್ ಸಂಸ್ಥೆ ಶುರು ಮಾಡಿದರು. 1992ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಒಂದು ಹೈಸ್ಕೂಲ್ ಜಿಮ್‌ನಲ್ಲಿ ಮೊದಲ ಸ್ಪರ್ಧೆ ನಡೆಯಿತು, 28 ತಂಡ. ಕೇಮನ್ ಜೊತೆಗಿದ್ದವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರೊಫೆಸರ್ ವುಡಿ ಫ್ಲವರ್ಸ್. ಅವರು ತಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಒಂದೇ ಥರದ ಸಾಮಾನು ಕೊಟ್ಟು, ಯಂತ್ರ ಕಟ್ಟಿಸಿ, ಅವುಗಳ ನಡುವೆ ಪಂದ್ಯ ನಡೆಸುತ್ತಿದ್ದರು. ಗ್ರೇಷಿಯಸ್ ಪ್ರೊಫೆಷನಲಿಸಂ ಅನ್ನುವ ಮಾತನ್ನು ಈ ಸ್ಪರ್ಧೆಗೆ ತಂದವರು ಅವರೇ. ಪ್ರಾಣ ಕೊಟ್ಟು ಆಡು, ಆದರೆ ಎದುರಿನವರನ್ನು ಗೌರವದಿಂದ ಕಾಣು, ಇಷ್ಟೇ ಅದರ ತಿರುಳು. 2019ರಲ್ಲಿ ಫ್ಲವರ್ಸ್ ತೀರಿಕೊಂಡರು. ಆ ಸುದ್ದಿ ಬಂದಾಗ ನಮ್ಮ ಹಳೆಯ ತಂಡದವರು ಎಲ್ಲೆಲ್ಲಿಂದಲೋ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡೆವು.

ಈಗ ನಾನು ಹೇಳಲೇಬೇಕಾದ ಮ್ಯಾಚ್‌ಗೆ ಬರುತ್ತೇನೆ.

ನನ್ನ ಕೊನೆಯ ವರ್ಷ. ಸೆಮಿಫೈನಲ್, ಒಂದೊಂದು ಗೆದ್ದು ಮೂರನೇ ಮ್ಯಾಚ್‌ಗೆ ಬಂದಿದ್ದೆವು. ಅವತ್ತು ಬೆಳಿಗ್ಗೆ ಇನ್‌ಸ್ಪೆಕ್ಷನ್ ಮುಗಿದ ಕೂಡಲೇ ನಮ್ಮ ರೋಬಾಟ್‌ನ ಕೈ ತಿರುಗಿಸುವ ಸರ್ವೋ ಅನ್ನುವ ಪುಟ್ಟ ಮೋಟಾರು ಸುಟ್ಟುಹೋಗಿತ್ತು. ನಮ್ಮ ಹತ್ತಿರ ಇನ್ನೊಂದು ಇರಲಿಲ್ಲ. ಮೈಕಿನಲ್ಲಿ ಕೂಗಿಸಿದೆವು. ಒಂದು ತಂಡದ ಹುಡುಗಿ ಡಬ್ಬಿ ಸಮೇತ ಓಡಿ ಬಂದಳು. ಸರ್ವೋ ಕೊಟ್ಟು ಸುಮ್ನೆ ಹೋಗಲಿಲ್ಲ. ಹಲ್ಲಿನ ಲೆಕ್ಕ ಬೇರೆ ಇದೆ, ನಿಮ್ಮ ಹಾರ್ನ್ (ಸರ್ವೋದ ತುದಿಗೆ ಕೂರಿಸುವ ಪುಟ್ಟ ತುಂಡು) ಕೂರಲ್ಲ ಅಂತ ಹೇಳಿ ಅದಕ್ಕೆ ಸರಿಯಾದ ಹಾರ್ನನ್ನೂ ಹುಡುಕಿ, ತಾನೇ ಸ್ಕ್ರೂ ಬಿಗಿಮಾಡಿ ಹೋದಳು. ಸೆಮಿಫೈನಲ್‌ನಲ್ಲಿ ನಮ್ಮ ಎದುರು ನಿಂತದ್ದು ಅದೇ ತಂಡ.

ಕೊನೆಯ ಅರ್ಧ ನಿಮಿಷದಲ್ಲಿ ಅವರ ರೋಬಾಟ್ ನಮ್ಮದನ್ನು ಮೂಲೆಗೆ ಒತ್ತಿ ನಿಲ್ಲಿಸಿತು. ಆಗಿನ ನಿಯಮದ ಪ್ರಕಾರ ಹಾಗೆ ಒತ್ತಿ ಹಿಡಿಯಲು 5 ಸೆಕೆಂಡು ಮಾತ್ರ ಅವಕಾಶ. ಆಮೇಲೆ 3 ಅಡಿ ಹಿಂದೆ ಸರಿಯಬೇಕು, ಇಲ್ಲದಿದ್ದರೆ ಪೆನಾಲ್ಟಿ. ಆ ಮೂಲೆಯ ರೆಫರಿ ಎಣಿಸಲು ಶುರು ಮಾಡಿದರು. ತೋಳು ಪೂರ್ತಿ ಚಾಚಿ, ಸೆಕೆಂಡಿಗೊಂದು ಸಲ ಬೀಸುತ್ತಾ, ಬಾಯಲ್ಲೂ ಜೋರಾಗಿ. ಒಂದು, ಎರಡು, ಮೂರು, ನಾಲ್ಕು. ಅವರ ರೋಬಾಟ್ ಹಿಂದೆ ಹೋಯಿತು, ಮತ್ತೆ ಬಂದು ಒತ್ತಿತು. ರೆಫರಿ ಮತ್ತೆ ಒಂದರಿಂದ ಎಣಿಸಿದರು. ಅಷ್ಟರಲ್ಲಿ ಬಜರ್ ಹೊಡೆಯಿತು. ಕೆಲವೇ ಅಂಕದಲ್ಲಿ ಸೋತೆವು.

3 ಅಡಿ ಅಂದರೆ ಒಂದೂವರೆ ಟೈಲು. ನಾನು ಡ್ರೈವರ್. ನನ್ನ ಕಣ್ಣಿಗೆ ಕಂಡದ್ದು ಅವರು ಸರಿದದ್ದು ಒಂದೇ ಟೈಲು. ಹಾಗಿದ್ದರೆ ಎಣಿಕೆ ನಿಲ್ಲಬಾರದಿತ್ತು.

ಪ್ರೇಕ್ಷಕರ ಸಾಲಿನಿಂದ ನಮ್ಮ ತಂಡದ ಹುಡುಗನ ತಂದೆ ಫೋನ್ ಹಿಡಿದು ಇಳಿದು ಬಂದರು. ಎಲ್ಲ ವಿಡಿಯೊದಲ್ಲಿ ಇದೆ ಅಂತ. ಹೆಡ್ ರೆಫರಿ ಕೈ ಮುಂದೆ ಮಾಡಿ ತಡೆದರು. ದನಿ ಏರಿಸಲಿಲ್ಲ. ವಿಡಿಯೊ ನಾನು ನೋಡುವಂತಿಲ್ಲ, ಮಕ್ಕಳಿಗೆ ಕೇಳುವುದಿದ್ದರೆ ಅಲ್ಲಿ ಬಂದು ನಿಲ್ಲಲಿ ಅಂದರು. ಅಲ್ಲಿ ಅಂದರೆ ಕ್ವೆಶ್ಚನ್ ಬಾಕ್ಸ್. ನೆಲಕ್ಕೆ ಟೇಪ್ ಅಂಟಿಸಿ ಮಾಡಿದ ಒಂದು ಚೌಕ, ಅಷ್ಟೇ. ಅದರೊಳಗೆ ನಿಲ್ಲಬಹುದಾದವರು ವಿದ್ಯಾರ್ಥಿಗಳು ಮಾತ್ರ. ಕೋಚ್ ಬರುವಂತಿಲ್ಲ, ಅಪ್ಪ ಅಮ್ಮ ಬರುವಂತಿಲ್ಲ.

ನಮ್ಮ ಕ್ಯಾಪ್ಟನ್ ಹೋಗಿ ನಿಂತಳು, ಪಕ್ಕದಲ್ಲಿ ನಾನು. ಅವಳು ರೂಲ್ ಬುಕ್ಕಿನ ಪುಟ ತೆರೆದು, ನಿಯಮದ ನಂಬರ್ ಹೇಳಿ, ಒಂದೇ ಪ್ರಶ್ನೆ ಕೇಳಿದಳು. ಎಣಿಕೆ ನಿಲ್ಲಿಸಿದಾಗ ಎರಡು ರೋಬಾಟ್‌ಗಳ ನಡುವೆ 3 ಅಡಿ ಇತ್ತಾ? ಹೆಡ್ ರೆಫರಿ ಆ ಮೂಲೆಯ ರೆಫರಿಯನ್ನು ಕರೆದು ನಮ್ಮೆದುರೇ ಕೇಳಿದರು. ಅವರು ಒಂದು ಕ್ಷಣ ಯೋಚಿಸಿ, ನಾನು ನಿಂತ ಕಡೆಯಿಂದ ಅಷ್ಟು ಇದೆ ಅಂತಲೇ ಕಂಡಿತು ಅಂದರು. ತೀರ್ಪು ಹಾಗೇ ಉಳಿಯಿತು. ಕ್ಯಾಪ್ಟನ್ ಥ್ಯಾಂಕ್ಸ್ ಹೇಳಿ ಪುಸ್ತಕ ಮುಚ್ಚಿದಳು. ಅವಳ ಕಿವಿ ಕೆಂಪಾಗಿತ್ತು, ದನಿ ಮಾತ್ರ ನಡುಗಲಿಲ್ಲ.

ರೋಬಾಟ್ ರಿಪೇರಿ ಮಾಡುವ ನಮ್ಮ ಜಾಗ, ಪಿಟ್‌ಗೆ ಬಂದು ವಿಡಿಯೊ ನೋಡಿದೆವು. ಒಂದೇ ಟೈಲು. ನಾನು ಇವತ್ತಿಗೂ ಹೇಳುತ್ತೇನೆ, ಆ ತೀರ್ಪು ತಪ್ಪು. ಆದರೆ ಹೆಡ್ ರೆಫರಿ ವಿಡಿಯೊ ನೋಡದೇ ಇದ್ದದ್ದು ಸರಿ. ಎರಡನ್ನೂ ಒಟ್ಟಿಗೆ ಹೇಳಬಹುದು ಅಂತ ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ನಮ್ಮ ಕಡೆ ಫೋನ್ ಹಿಡಿದು ಕೂತವರು ಹತ್ತು ಜನ ಇದ್ದರು. ದೂರದಿಂದ ಬಂದಿದ್ದ ಎಷ್ಟೋ ತಂಡಗಳಿಗೆ ಒಬ್ಬರೂ ಇರಲಿಲ್ಲ. ಫೋನ್ ಇದ್ದವರಿಗೆ ಒಂದು ನ್ಯಾಯ, ಇಲ್ಲದವರಿಗೆ ಒಂದು ನ್ಯಾಯ ಆಗಿಬಿಡುತ್ತಿತ್ತು. ಅದೂ ಅಲ್ಲದೆ, ಯಾರೂ ತಮಗೆ ಲಾಭವಾದ ತಪ್ಪನ್ನು ತೋರಿಸುವ ವಿಡಿಯೊ ಹಿಡಿದುಕೊಂಡು ಬರುವುದಿಲ್ಲ, ಅಲ್ವಾ? ರೆಫರಿಯ ಕಣ್ಣು ತಪ್ಪಬಹುದು, ಆದರೆ ಅದು ಯಾವ ತಂಡದ ಕಣ್ಣೂ ಅಲ್ಲ.

ಅವತ್ತು ಇದ್ಯಾವುದೂ ತಲೆಗೆ ಹೋಗಲಿಲ್ಲ. ಸಿಟ್ಟಿತ್ತು. ಸಿಟ್ಟಿನ ನಡುವೆಯೇ ಒಂದು ಕೆಲಸವೂ ಇತ್ತು, ಅವರ ಸರ್ವೋ ಬಿಚ್ಚಿ ವಾಪಸ್ ಕೊಡಬೇಕು. ಅವರು ಫೈನಲ್ ಆಡಬೇಕಿತ್ತು, ಬೇಕಾದರೂ ಬೇಕಾಗಬಹುದು. ಸ್ಕ್ರೂ ತಿರುಗಿಸುತ್ತಾ ನನಗೆ ಹೊಳೆಯಿತು, ನಮ್ಮನ್ನು ಮೂಲೆಗೆ ಒತ್ತಿದಾಗ ನಮ್ಮ ರೋಬಾಟ್ ಎತ್ತಿದ್ದ ಕೈಯಲ್ಲಿ ಇದ್ದದ್ದು ಅವರದೇ ಸರ್ವೋ. ಅದಿಲ್ಲದಿದ್ದರೆ ನಾವು ಸೆಮಿಫೈನಲ್‌ಗೇ ಬರುತ್ತಿರಲಿಲ್ಲ. ಕೊಡಲು ಹೋದಾಗ ಆ ಹುಡುಗಿ, ಎಣಿಕೆ ನಿಂತಾಗ ನಮಗೂ ಆಶ್ಚರ್ಯ ಆಯ್ತು ಅಂದಳು. ಅಷ್ಟು ಹೇಳಿದಳಲ್ಲ, ಸಾಕಾಯಿತು. ಫೈನಲ್‌ನಲ್ಲಿ ನಾವು ಅವರ ಕಡೆ ನಿಂತು ಕೂಗಿದೆವು.

ಎಲ್ಲರೂ ಹೀಗೇ ಇರುತ್ತಾರೆ ಅಂತ ನಾನು ಹೇಳುವುದಿಲ್ಲ. 2012ರಲ್ಲಿ ಫಸ್ಟ್ ಸಂಸ್ಥೆಯ ದೊಡ್ಡ ರೋಬಾಟ್‌ಗಳ ಸ್ಪರ್ಧೆಯ ಆಟದಲ್ಲಿ ಮೂರು ಸೇತುವೆಗಳಿದ್ದವು. ನಡುವಿನ ಸೇತುವೆಯ ಮೇಲೆ ಎದುರಾಳಿಗಳಿಬ್ಬರ ರೋಬಾಟ್ ಒಟ್ಟಿಗೆ ಸಮತೋಲ ಮಾಡಿ ನಿಂತರೆ ಲೀಗ್ ಹಂತದಲ್ಲಿ ಎರಡೂ ಕಡೆಗೆ ಲಾಭ. ಅಷ್ಟು ಚೆಂದದ ಆಟ. ಅದೇ ವರ್ಷ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನಡೆದ ಚಾಂಪಿಯನ್‌ಶಿಪ್‌ನ ಕೊನೆಯ ಪಂದ್ಯಗಳಲ್ಲಿ ರೋಬಾಟ್‌ಗಳು ಒಂದರ ಮೇಲೊಂದು ಸಂಪರ್ಕ ಕಳೆದುಕೊಂಡು ನಿಂತುಬಿಟ್ಟವು. ಆಮೇಲೆ ತನಿಖೆ ನಡೆಯಿತು, ವರದಿ ಹೊರಗೆ ಬಂತು. ಒಬ್ಬ ವ್ಯಕ್ತಿ ಬೇಕೆಂದೇ ವೈರ್‌ಲೆಸ್ ಸಂಪರ್ಕಕ್ಕೆ ಅಡ್ಡಿ ಮಾಡಿದ್ದ ಅಂತ ಅದರಲ್ಲಿತ್ತು. ಆದರೆ ವರದಿ ಅಲ್ಲಿಗೇ ನಿಲ್ಲಲಿಲ್ಲ. ಎಲ್ಲ ತೊಂದರೆಗೂ ಅದೊಂದೇ ಕಾರಣವಲ್ಲ ಅಂತ ಹೇಳಿ ಉಳಿದ ತಾಂತ್ರಿಕ ದೋಷಗಳನ್ನೂ ಬಿಚ್ಚಿಟ್ಟರು. ಎಲ್ಲವನ್ನೂ ಒಬ್ಬನ ತಲೆಗೆ ಕಟ್ಟುವುದು ಸುಲಭವಿತ್ತು, ಅವರು ಹಾಗೆ ಮಾಡಲಿಲ್ಲ. ಮೇಷ್ಟ್ರು ನಮಗೆ ಇದನ್ನು ಓದಿಸಿದ್ದರು. ಕಾಲೇಜಿನಲ್ಲಿ ಓದಿದ ಎಷ್ಟೋ ಪಾಠಕ್ಕಿಂತ ಇದು ನನಗೆ ಹೆಚ್ಚು ನೆನಪಿದೆ.

ಕಾಲೇಜು ಮುಗಿದ ಮೇಲೆ ನಾನೇ ರೆಫರಿಯಾದೆ. ಸಂಬಳವಿಲ್ಲ, ಎಲ್ಲರೂ ವಾಲಂಟಿಯರ್‌ಗಳೇ. ತರಬೇತಿ ಇರುತ್ತದೆ, ಪರೀಕ್ಷೆ ಇರುತ್ತದೆ. ಮೊದಲ ಮ್ಯಾಚ್‌ನಲ್ಲೇ ಗೊತ್ತಾಯಿತು, ಆಚೆಯಿಂದ ನೋಡುವ ಆಟವೇ ಬೇರೆ. ಪ್ರೇಕ್ಷಕರಿಗೆ ಇಡೀ ಫೀಲ್ಡ್ ಕಾಣುತ್ತದೆ, ರೆಫರಿಗೆ ತನ್ನ ಪಾಲಿನ ಜಾಗ ಮಾತ್ರ. ಎರಡು ರೋಬಾಟ್ ತಾಗಿದಾಗ ಯಾರು ಯಾರನ್ನು ಒತ್ತುತ್ತಿದ್ದಾರೆ ಅಂತ ಹೇಳಬೇಕಾದರೆ ಚಕ್ರ ನೋಡಬೇಕು. ಚಕ್ರ ನೋಡಿದರೆ ಮೇಲೆ ಕೈ ಏನು ಮಾಡಿತು ಅನ್ನುವುದು ತಪ್ಪಿಹೋಗುತ್ತದೆ. ನನಗೆ ಕಲಿಸಿದ ಹಿರಿಯ ರೆಫರಿ ಒಂದೇ ಮಾತು ಹೇಳಿದ್ದರು: ಪೂರ್ತಿ ನೋಡಿದ್ದರೆ ಮಾತ್ರ ಕೈ ಎತ್ತು. ಊಹೆ ಮಾಡಿ ಎತ್ತಬೇಡ, ಕೂಗಾಟ ಕೇಳಿಯಂತೂ ಎತ್ತಲೇಬೇಡ.

ಎಣಿಸುವಾಗ ತೋಳು ಅಷ್ಟು ದೊಡ್ಡದಾಗಿ ಯಾಕೆ ಬೀಸುತ್ತಾರೆ ಅನ್ನುವುದೂ ಆಗಲೇ ಅರ್ಥವಾಯಿತು. ಡ್ರೈವರ್ ಆಗಿದ್ದಾಗ ಅದು ನನಗೆ ಬೆದರಿಕೆಯ ಥರ ಕಾಣುತ್ತಿತ್ತು. ನಿಜವಾಗಿ ಅದು ಡ್ರೈವರ್‌ಗೆ ಕೊಡುವ ಅವಕಾಶ. ನೋಡಪ್ಪಾ, ಮೂರಾಯ್ತು, ಇನ್ನೂ ಹೊತ್ತಿದೆ, ಸರಿದುಕೋ ಅಂತ. ಒಳ್ಳೆಯ ರೆಫರಿ ಜೋರಾಗಿ ಎಣಿಸುವುದೇ ಪೆನಾಲ್ಟಿ ಕೊಡುವ ಪರಿಸ್ಥಿತಿ ಬರದೇ ಇರಲಿ ಅಂತ. ಕಾರ್ಡಿನ ಮಾತೂ ಹಾಗೇ. ಹಳದಿ ಕಾರ್ಡ್ ಮೊದಲ ಎಚ್ಚರಿಕೆ, ಎರಡನೇ ಹಳದಿ ಬಂದರೆ ಅದು ಕೆಂಪು, ಆ ಮ್ಯಾಚ್ ಕೈಬಿಟ್ಟಂತೆ. ನನ್ನ ಅನುಭವದಲ್ಲಿ ಕಾರ್ಡಿನ ಹತ್ತಿರ ಹೋದ ಸಂದರ್ಭಗಳಲ್ಲಿ ಜಾಸ್ತಿ ಪಾಲು ಮಕ್ಕಳದಲ್ಲ, ದೊಡ್ಡವರದು. ಮಗಳು ಸೋತಳು ಅಂತ ಗೋಡೆ ದಾಟಿ ಬರುವ ಅಪ್ಪ, ಡ್ರೈವರ್ ಕಿವಿಯಲ್ಲಿ ಕೂಗಿ ರೆಫರಿಗೆ ಕೇಳಿಸುವ ಕೋಚ್. ಇದು ನನಗೆ ನಿಜವಾಗಿ ಬೇಸರ ತರುವ ವಿಷಯ. ಚೌಕದೊಳಗೆ ನಿಂತು ತಾವೇ ಮಾತಾಡಲು ಬರುವ ಮಕ್ಕಳ ಬಾಯಿಯನ್ನು ನಾವು ದೊಡ್ಡವರು ಕಿತ್ತುಕೊಳ್ಳುತ್ತೇವೆ.

ಮಕ್ಕಳು ಎಷ್ಟು ಚೆನ್ನಾಗಿ ಕೇಳುತ್ತಾರೆ ಗೊತ್ತಾ? ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಬಂದು ಚೌಕದಲ್ಲಿ ನಿಂತ. ನಮ್ಮ ಜೊತೆಯ ತಂಡದ ರೋಬಾಟ್ ಕೊನೆಯಲ್ಲಿ ಪಾರ್ಕ್ ಆಗಿತ್ತು, ಬೋರ್ಡ್ ಮೇಲೆ ಅದರ ಅಂಕ ಕಾಣಿಸುತ್ತಿಲ್ಲ, ಒಮ್ಮೆ ಶೀಟ್ ನೋಡ್ತೀರಾ ಅಂದ. ತಪ್ಪಾಯ್ತು ಅನ್ನಲಿಲ್ಲ, ಅನ್ಯಾಯ ಅನ್ನಲಿಲ್ಲ. ಶೀಟ್ ತೆಗೆದು ನೋಡಿದೆವು. ಬರೆದುಕೊಂಡಿದ್ದು ಸರಿಯಾಗಿತ್ತು, ಕಂಪ್ಯೂಟರ್‌ಗೆ ಹಾಕುವಾಗ ಬಿಟ್ಟುಹೋಗಿತ್ತು. ಹೆಡ್ ರೆಫರಿ ತಿದ್ದಿಸಿದರು. ಅಂಕ ತಿದ್ದಿದರೂ ಅವನ ಅಲಯನ್ಸ್ ಸೋತೇ ಇತ್ತು. ಅವನಿಗೆ ಅದು ಮೊದಲೇ ಗೊತ್ತಿತ್ತು. ಆ ಅಂಕ ನಮ್ಮ ಜೊತೆಯವರು ಮಾಡಿದ್ದು, ಲೆಕ್ಕದಲ್ಲಿ ಇರಬೇಕು ಅಷ್ಟೇ ಅಂದು ಹೋದ.

ಈಗ ತಂಡದಲ್ಲಿರುವವರಿಗೆ ನನ್ನದೊಂದು ಕೋರಿಕೆ. ನಿಮ್ಮಲ್ಲಿ ಯಾರು ರೋಬಾಟ್ ಓಡಿಸುತ್ತಾರೋ ಅವರೇ ರೂಲ್ ಬುಕ್ ಪೂರ್ತಿ ಓದಿ. ಅದನ್ನು ಓದುವ ಕೆಲಸವನ್ನು ಯಾರೋ ಒಬ್ಬರಿಗೆ ಹಚ್ಚಿ ಬಿಡಬೇಡಿ. ಅಭ್ಯಾಸದ ಮ್ಯಾಚ್‌ಗಳಲ್ಲಿ ಸರದಿಯ ಮೇಲೆ ಒಬ್ಬೊಬ್ಬರು ರೆಫರಿಯಾಗಿ ನಿಂತು ನೋಡಿ, ಗೆಳೆಯನ ವಿರುದ್ಧವೇ ಜೋರಾಗಿ ಎಣಿಸಿ. ಒತ್ತಿ ಹಿಡಿಯುವ ನಿಯಮ ನಮ್ಮ ಕಾಲದ್ದು ಈಗ ಹಾಗೇ ಇಲ್ಲ, ಪ್ರತಿ ಸೀಸನ್‌ಗೂ ಹೊಸ ಪುಸ್ತಕ ಬರುತ್ತದೆ. ಸೆಪ್ಟೆಂಬರ್‌ನಲ್ಲಿ ಆಟ ಬಿಡುಗಡೆಯಾದ ವಾರವೇ ಕೂತು ಓದಿ. ನಾನೂ ಓದುತ್ತಿರುತ್ತೇನೆ, ಅನುಮಾನ ಬಂದರೆ ಶಾಲೆಯ ಮೂಲಕ ಬರೆಯಿರಿ.