ಹಿತ್ತಲ ತೋಡಿನ ಮೀನು

ಬೆಳಿಗ್ಗೆ ಎಂಟೂವರೆಗೆ ನಮ್ಮ ಗೇಟಿನ ಹತ್ತಿರ ಮೀನಿನ ಸ್ಕೂಟರ್ ಬಂದು ಪೋಂ ಪೋಂ ಎನ್ನುತ್ತದೆ. ಮತ್ತಿ, ಬಂಗುಡೆ, ಒಮ್ಮೊಮ್ಮೆ ಐಸಿನಲ್ಲಿ ಬಿಳಿಚಿಕೊಂಡ ಸೀಗಡಿ. ಎಲ್ಲ ಘಟ್ಟದ ಕೆಳಗಿನಿಂದ ಬಂದದ್ದು. ನಮ್ಮ ಮನೆ ಕೊಡಗಿನ ವಾಲ್ನೂರು ಕಡೆ. ಕಾವೇರಿ ಹೊಳೆಗೆ ಹತ್ತು ನಿಮಿಷದ ನಡಿಗೆ. ಹಿತ್ತಲಲ್ಲೇ ತೋಡು ಹರಿಯುತ್ತದೆ. ಆದರೂ ನಾನು ಚೀಲ ಹಿಡಿದು ಸ್ಕೂಟರಿಗೆ ಕಾಯುತ್ತೇನೆ. ಚಿಕ್ಕಪ್ಪ ಜಗಲಿಯಲ್ಲಿ ಕೂತು ದಿನಾ ಒಂದೇ ಪ್ರಶ್ನೆ ಕೇಳುತ್ತಾರೆ, "ಇವತ್ತು ಯಾವ ಸಮುದ್ರದ್ದು?"

ಚಿಕ್ಕಪ್ಪನಿಗೆ ಈಗ ಎಪ್ಪತ್ತಾರು. ನನಗೆ ಮೀನು ಹಿಡಿಯಲು ಕಲಿಸಿದ್ದು ಅವರೇ. ಹುಡುಗಿಗೆ ಯಾಕೆ ಇದೆಲ್ಲ ಎಂದು ಅಜ್ಜಿ ಗೊಣಗುತ್ತಿದ್ದರು, ಸಾರು ಮಾಡಿದಾಗ ಮಾತ್ರ ತಲೆಯ ಭಾಗ ತಮಗೇ ಬೇಕು ಎನ್ನುತ್ತಿದ್ದರು.

ಜೂನ್ ಮೊದಲ ವಾರ ಮಳೆ ಹಿಡಿದು ಎರಡು ದಿನವಾದರೆ ಸಾಕು, ತೋಡಿನ ನೀರು ಕೆಂಪಾಗಿ ಗದ್ದೆಗೆ ನುಗ್ಗುತ್ತಿತ್ತು. ಹೊಳೆಯ ಮೀನು ಆ ನೀರಿಗೆ ಎದುರಾಗಿ ಹತ್ತುತ್ತಿತ್ತು, ಮೊಟ್ಟೆ ಇಡಲು. ಗದ್ದೆಯ ತೂಬಿನ ಬಾಯಿಗೆ ಚಿಕ್ಕಪ್ಪ ಬಿದಿರಿನ ಕೂಳಿ ಇಡುತ್ತಿದ್ದರು. ರಾತ್ರಿ ಗೋಣಿ ಕೊಪ್ಪೆ ಹಾಕಿಕೊಂಡು, ಕಾಲಿಗೆ ಜಿಗಣೆ ಹತ್ತಿಸಿಕೊಂಡು, ಟಾರ್ಚ್ ಹಿಡಿಯುವುದು ನನ್ನ ಕೆಲಸ. ಪಕ್ಕೆ, ಕೊರವ, ಮುಟ್ಟಿದರೆ ಚುಚ್ಚುವ ಚೇಳು ಮೀನು, ಕೈಯಿಂದ ಜಾರಿ ಹೋಗುವ ಹಾವು ಮೀನು. ಏಡಿಗಂತೂ ಲೆಕ್ಕವಿಲ್ಲ. ಅಮ್ಮ ಹುಳಿಗೆ ಕಾಚಂಪುಳಿ ಹಾಕಿ ಮಣ್ಣಿನ ಚಟ್ಟಿಯಲ್ಲಿ ಸಾರು ಮಾಡುತ್ತಿದ್ದರು. ಆ ಸಾರಿಗೆ ಎರಡನೇ ದಿನವೇ ರುಚಿ ಜಾಸ್ತಿ. ಉಳಿದರೆ ತಾನೇ!

ಆ ಗದ್ದೆ ಈಗಿಲ್ಲ. ಒಂದಷ್ಟು ವರ್ಷ ಶುಂಠಿಗೆ ಗುತ್ತಿಗೆ ಕೊಟ್ಟೆವು, ಆಮೇಲೆ ಅಡಿಕೆ ಹಾಕಿದೆವು. ಭತ್ತದಲ್ಲಿ ಕೂಲಿಯೂ ಹುಟ್ಟುತ್ತಿರಲಿಲ್ಲ, ಯಾರನ್ನೂ ದೂರುವಂತಿಲ್ಲ. ಆದರೆ ಮಳೆಯಲ್ಲಿ ಹತ್ತಿ ಬರುವ ಮೀನಿಗೆ ನಿಂತ ನೀರಿನ ಗದ್ದೆ ಬೇಕು. ಅಡಿಕೆ ತೋಟದ ಬಸಿ ಕಾಲುವೆಯಲ್ಲಿ ಅದು ಏನು ಮಾಡಬೇಕು?

ನಾನು ಹೇಳಲು ಹೊರಟಿದ್ದು ಗದ್ದೆಯ ಕಥೆಯಲ್ಲ, ಪಲ್ಪರ್ ಕಥೆ.

ಅಪ್ಪ 2009ರಲ್ಲಿ ಒಂದು ಬೇಬಿ ಪಲ್ಪರ್ ತಂದರು, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಸಣ್ಣ ಯಂತ್ರ. ನಮ್ಮದು ಸ್ವಲ್ಪ ಅರೇಬಿಕಾ, ಉಳಿದದ್ದು ರೋಬಸ್ಟಾ. ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದರೆ ಚೆರಿ. ಸಿಪ್ಪೆ ತೆಗೆದು, ಲೋಳೆ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್, ರೇಟು ಜಾಸ್ತಿ. ನಮ್ಮಂಥ ಸಣ್ಣ ಬೆಳೆಗಾರರಿಗೆ ಆ ವ್ಯತ್ಯಾಸವೇ ಮಕ್ಕಳ ಫೀಸು. ಕೊಯ್ಲಿನ ಸಂಜೆ ಹಣ್ಣು ಪಲ್ಪರಿಗೆ ಹಾಕಿ, ಬೀಜವನ್ನು ಒಂದೂವರೆ ದಿನ ತೊಟ್ಟಿಯಲ್ಲಿ ಹುಳಿಯಲು ಬಿಟ್ಟು, ಆಮೇಲೆ ತೊಳೆಯಬೇಕು. ಎಷ್ಟು ನೀರು ಬೇಕು ಅಂತೀರಿ! ಮೊದಲ ವರ್ಷ ಆ ನೀರಿಗೆ ಒಂದು ಗುಂಡಿ ತೋಡಿದೆವು. ಡಿಸೆಂಬರ್ ಮುಗಿಯುವ ಮೊದಲೇ ಗುಂಡಿ ತುಂಬಿತು. ಆಮೇಲೆ ಅಪ್ಪ ಒಂದು ಪೈಪ್ ಎಳೆದು ತೋಡಿಗೆ ಬಿಟ್ಟರು. ಸುಮ್ನೆ, ಎರಡು ದಿನದ ಮಟ್ಟಿಗೆ. ಆ ಪೈಪ್ ಆರು ವರ್ಷ ಅಲ್ಲೇ ಇತ್ತು.

ಒಂದು ಜನವರಿ ಬೆಳಿಗ್ಗೆ, ಇನ್ನೂ ಮಂಜು ಬಿಟ್ಟಿರಲಿಲ್ಲ, ಕೆಲಸದ ಹೆಂಗಸರು ಬಂದು ಅಪ್ಪನನ್ನು ಕರೆದರು. ತೋಡಿನ ಕಲ್ಲುಗಳ ಮೇಲೆಲ್ಲ ಏಡಿ. ನೀರಿನಿಂದ ಹೊರಗೆ ಹತ್ತಿ, ಚಳಿಯಲ್ಲಿ ಅಲುಗಾಡದೆ ಕೂತಿದ್ದವು. ಸಣ್ಣ ಪಕ್ಕೆಗಳು ಮೇಲಕ್ಕೆ ಬಂದು ಬಾಯಿ ಪಟಪಟ ಬಡಿಯುತ್ತಿದ್ದವು. ಒಂದಷ್ಟು ಆಗಲೇ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೆಲಸದವರ ಲೈನ್ ಮನೆಯ ಹುಡುಗರು ಬ್ಲೀಚಿಂಗ್ ಪೌಡರೋ ಮೈಲುತುತ್ತೋ ಹಾಕಿದ್ದಾರೆ ಎಂದು ಅಪ್ಪ ಕೂಗಾಡಿದರು. ಅನುಮಾನ ಸುಳ್ಳೇನಲ್ಲ, ನಮ್ಮ ಕಡೆ ಹಾಗೆ ಮೀನು ಹಿಡಿಯುವವರಿದ್ದಾರೆ. ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಂದ ಮೈಲುತುತ್ತು ಎಲ್ಲರ ಸ್ಟೋರಿನಲ್ಲೂ ಇರುತ್ತದೆ. ಹಿಂದಿನವರು ಕಾರೆಕಾಯಿ ಜಜ್ಜಿ ಹಾಕುತ್ತಿದ್ದರು, ಸಿಡಿಮದ್ದು ಹಾಕಿದವರೂ ಇದ್ದಾರೆ. ಹುಡುಗರು ತಲೆ ತಗ್ಗಿಸಿ ನಿಂತಿದ್ದರು. ಒಬ್ಬನ ಕಿವಿಯೂ ಹಿಂಡಿಸಿಕೊಂಡಿತು.

ಚಿಕ್ಕಪ್ಪ ಮಾತಾಡಲಿಲ್ಲ. ಪಂಚೆ ಎತ್ತಿ ಕಟ್ಟಿ ತೋಡಿನಲ್ಲೇ ಮೇಲಕ್ಕೆ ನಡೆದರು. ನಾನೂ ಹಿಂದೆ ಹೋದೆ. ಒಂದೊಂದೇ ಕಲ್ಲು ಎತ್ತಿ ನೋಡುತ್ತ ಹೋದರು. ನಮ್ಮ ಪೈಪ್ ದಾಟಿ ಹತ್ತು ಹೆಜ್ಜೆ ಇಟ್ಟ ಮೇಲೆ ಒಂದು ಕಲ್ಲು ಎತ್ತಿದರು. ಅದರ ಅಡಿಯಲ್ಲಿ, ನೀರಿನೊಳಗೆ, ಏಡಿ ಆರಾಮವಾಗಿ ಕೂತಿತ್ತು. ಇನ್ನೊಂದು ಕಲ್ಲು, ಅಲ್ಲೂ ಹಾಗೇ. ಪೈಪಿನ ಮೇಲಿನ ಏಡಿ ನೀರಲ್ಲಿ, ಪೈಪಿನ ಕೆಳಗಿನ ಏಡಿ ಕಲ್ಲಿನ ಮೇಲೆ.

"ನೋಡಿದೆಯಾ ಕೂಸೇ?" ಅಂದರು. ಅಷ್ಟೇ. ಅಪ್ಪನಿಗೆ ಹೋಗಿ ಹೇಳಬೇಕಾದದ್ದು ನಾನು.

ಅಪ್ಪ ನಂಬಲಿಲ್ಲ. ಕಾಫಿ ಹಣ್ಣಿನ ನೀರು ತಾನೇ, ಅದರಲ್ಲಿ ವಿಷ ಎಲ್ಲಿದೆ ಎಂದರು. ವಿಷ ಬೇಕಾಗಿಲ್ಲ. ಲೋಳೆಯಲ್ಲಿ ಸಕ್ಕರೆ ಇರುತ್ತದೆ. ಅದು ನೀರಿಗೆ ಬಿದ್ದರೆ ಸೂಕ್ಷ್ಮಜೀವಿಗಳಿಗೆ ಹಬ್ಬ. ಅವು ಸಕ್ಕರೆ ತಿನ್ನುತ್ತಾ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಅದು ಇರುವುದೇ ಎಷ್ಟು? 25 ಡಿಗ್ರಿಯಲ್ಲಿ ಒಳ್ಳೆಯ ನೀರಿನಲ್ಲೂ ಲೀಟರಿಗೆ ಸುಮಾರು 8 ಮಿಲಿಗ್ರಾಂ. ಅದಕ್ಕೇ ನಮ್ಮ ಮೀನು ಮೇಲೆ ಬಂದು ಬಾಯಿ ಬಡಿದದ್ದು, ಏಡಿ ಹೊರಗೆ ಬಂದು ಕೂತದ್ದು. ಅದೂ ಬೆಳಗಿನ ಜಾವವೇ ಯಾಕೆ? ಹಗಲು ಪಾಚಿ ಒಂದಿಷ್ಟು ಆಮ್ಲಜನಕ ಕೊಡುತ್ತದೆ, ರಾತ್ರಿ ಕೊಡುವುದಿಲ್ಲ. ಮೇಲಿಂದ ಆ ನೀರು ಹುಳಿ ಬೇರೆ. ಪಲ್ಪಿಂಗ್ ಸಮಯದಲ್ಲಿ ನಮ್ಮ ತೋಡಿನಿಂದ ಹಳಸಿದ ಕಳ್ಳಿನ ವಾಸನೆ ಬರುತ್ತಿತ್ತು. ಅದನ್ನು ನಾವೆಲ್ಲ ಕೊಯ್ಲಿನ ವಾಸನೆ ಎಂದುಕೊಂಡಿದ್ದೆವು.

ಈ ಲೆಕ್ಕವನ್ನು ಹೊಳೆಗೆ ಹಾಕಿ ನೋಡಿ. ಮಳೆಗಾಲದಲ್ಲಿ ಕಾವೇರಿಗೆ ಏನು ಬಿಟ್ಟರೂ ಕೊಚ್ಚಿಕೊಂಡು ಹೋಗುತ್ತದೆ. ಪಲ್ಪಿಂಗ್ ನಡೆಯುವುದು ಡಿಸೆಂಬರಿನಿಂದ ಫೆಬ್ರವರಿ ತನಕ, ನೀರು ಇಳಿಯುತ್ತಾ ಬರುವಾಗ. ಅದು ಮುಗಿಯುವ ಹೊತ್ತಿಗೆ ಹೂ ಮಳೆಯ ಚಿಂತೆ. ಫೆಬ್ರವರಿ, ಮಾರ್ಚಿನಲ್ಲಿ ಮಳೆ ಬರದಿದ್ದರೆ ರೋಬಸ್ಟಾ ಹೂ ಬಿಡಿಸಲು ಸ್ಪ್ರಿಂಕ್ಲರ್ ಬೇಕು. ಹೊಳೆಗೆ, ತೋಡಿಗೆ ಮೋಟಾರು ಇಳಿಯುತ್ತದೆ. ನಮ್ಮದೂ ಇಳಿಯುತ್ತದೆ. ಮೊದಲು ಕೊಳಕು ಬಿಟ್ಟು, ಆಮೇಲೆ ಇರುವ ನೀರನ್ನೂ ಎತ್ತಿದರೆ ಮೀನಿಗೆ ಉಳಿಯುವುದು ಮಡುಗಳು ಮಾತ್ರ. ಆ ಮಡುಗಳಿಗೂ 2018 ಮತ್ತು 2019ರ ಮಳೆಯಲ್ಲಿ ಮಣ್ಣು ಬಂದು ಕೂತಿತು. ನಾವು ಈಜುತ್ತಿದ್ದ ಮಡುವಿನಲ್ಲಿ ಈಗ ಬೇಸಿಗೆಯಲ್ಲಿ ಸೊಂಟದ ತನಕ ನೀರಿದ್ದರೆ ಹೆಚ್ಚು.

ಇನ್ನು ಪಟ್ಟಣದ ಚರಂಡಿ, ಹೊಳೆ ದಂಡೆಯ ರೆಸಾರ್ಟು, ಹೋಂಸ್ಟೇ, ಟೂರಿಸ್ಟರ ಬಾಟಲಿ, ಕರ್ಮ ಮಾಡಿ ನೀರಿಗೆ ಬಿಡುವ ಬಟ್ಟೆ. ಇದೆಲ್ಲ ನಿಜ. ಯಾವ ಮೀಟಿಂಗಿಗೆ ಹೋದರೂ ಇದನ್ನೇ ಹೇಳುತ್ತಾರೆ, ನಾನೂ ಹೇಳಿದ್ದೇನೆ. ಹಾಗೆ ಮಾತಾಡಿ ಮನೆಗೆ ಬಂದು ಪಲ್ಪರ್ ಸ್ವಿಚ್ ಹಾಕಿದ್ದೂ ಇದೆ.

ಬಿಳಿಮೀನಿನ ವಿಷಯ ಹೇಳದಿದ್ದರೆ ಚಿಕ್ಕಪ್ಪ ಬಯ್ಯುತ್ತಾರೆ. ಹೊರಗಿನವರು ಮಹಶೀರ್ ಎನ್ನುವುದು ಅದನ್ನೇ. ನಮ್ಮ ವಾಲ್ನೂರಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಗಾಳದಲ್ಲಿ ಹಿಡಿದು ಮತ್ತೆ ಹೊಳೆಗೇ ಬಿಡುವ ಪದ್ಧತಿ ತಂದಾಗ ಚಿಕ್ಕಪ್ಪ ಬಿದ್ದು ಬಿದ್ದು ನಕ್ಕಿದ್ದರಂತೆ. ಹಿಡಿದು ಬಿಡಲು ಗಾಳ ಯಾಕೆ? ಆಮೇಲೆ ಅವರೇ ಹೋಗಿ ನೋಡುತ್ತಾ ನಿಲ್ಲತೊಡಗಿದರು. ಕಾವೇರಿಯ ಅಸಲಿ ಬಿಳಿಮೀನಿಗೆ ಬೆನ್ನು ಉಬ್ಬಿರುತ್ತದೆ, ರೆಕ್ಕೆ ಕಿತ್ತಳೆ ಬಣ್ಣ. ಕಾವೇರಿಯನ್ನು ಸೇರುವ ಕಬಿನಿಯಲ್ಲಿ 1946ರಲ್ಲಿ 54 ಕಿಲೋ ತೂಕದ ಮಹಶೀರ್ ಸಿಕ್ಕಿತ್ತು. ಇಷ್ಟು ಹೆಸರುವಾಸಿ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದು 2018ರಲ್ಲಿ, ಟಾರ್ ರೆಮಾದೇವಿ ಎಂದು. ಹೆಸರು ಸಿಕ್ಕಿತು ಎನ್ನುವಾಗಲೇ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಮಹಶೀರ್ ಉಳಿಸಬೇಕು ಎಂದು ಲೋಣಾವಳದಲ್ಲಿ ಮರಿ ಮಾಡಿದ ನೀಲಿ ರೆಕ್ಕೆಯ ಬೇರೆ ಜಾತಿಯನ್ನು ವರ್ಷಗಟ್ಟಲೆ ಕಾವೇರಿಗೆ ತಂದು ಬಿಟ್ಟಿದ್ದರು. ಮನಸ್ಸು ಒಳ್ಳೆಯದೇ, ಆದರೆ ಹೊಳೆಯಲ್ಲಿ ನೀಲಿ ರೆಕ್ಕೆಯದೇ ಜಾಸ್ತಿಯಾಯಿತು. ಈಗ ಬಲೆಗೆ ಬೀಳುವುದು ಹೆಚ್ಚಾಗಿ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಅದೂ ಹೊರಗಿನದೇ. ಚಿಕ್ಕಪ್ಪ ಅದನ್ನು ಮುಟ್ಟುವುದಿಲ್ಲ. ಕೆಸರಿನ ವಾಸನೆ ಎನ್ನುತ್ತಾರೆ.

ಅಪ್ಪ ತೀರಿಕೊಂಡ ಮೇಲೆ ತೋಟ ನನ್ನ ಕೈಗೆ ಬಂತು. ಮೊದಲು ಮಾಡಿದ ಕೆಲಸ ಆ ಪೈಪ್ ಕೀಳಿಸಿದ್ದು. ರೋಬಸ್ಟಾ ಎಲ್ಲ ಈಗ ಚೆರಿ. ಅರೇಬಿಕಾ ಮಾತ್ರ ಪಲ್ಪ್ ಮಾಡುತ್ತೇನೆ. ಅದರ ನೀರಿಗೆ ಸಾಲಾಗಿ ಮೂರು ಗುಂಡಿ, ಮೊದಲನೆಯದಕ್ಕೆ ಸುಣ್ಣ. ಸಿಪ್ಪೆ ಗೊಬ್ಬರಕ್ಕೆ. ಖರ್ಚು ಬಿತ್ತು, ಸುಳ್ಳು ಹೇಳುವುದಿಲ್ಲ. ಮೊದಲ ವರ್ಷ ಪಾರ್ಚ್‌ಮೆಂಟಿನ ಲಾಭ ಪೂರ್ತಿ ಗುಂಡಿಗೇ ಹೋಯಿತು.

ಹೋದ ಜನವರಿಯಲ್ಲಿ ಒಂದು ರಾತ್ರಿ ಒಂಬತ್ತಕ್ಕೆ ಫೋನ್. ಕೆಳಗಿನ ತೋಟದ ಮನೆಯವಳು. "ಅಕ್ಕಾ, ತೋಡಿನ ನೀರು ಕಂದು ಬರ್ತಾ ಇದೆ. ನಿಮ್ಮ ಕಡೆಯದ್ದಾ?"

ಇಲ್ಲ ಎನ್ನಲು ಬಾಯಿ ತೆರೆದಿದ್ದೆ. ನಮ್ಮ ಮೇಲೆ ಇನ್ನೂ ಮೂರು ತೋಟ ಇವೆ, ಅಲ್ವಾ? ಟಾರ್ಚ್ ಹಿಡಿದು ಹೋದೆ. ಮೂರನೇ ಗುಂಡಿಯ ಏರಿ ಒಂದು ಮೂಲೆಯಲ್ಲಿ ಹಂದಿ ಅಗೆದು ಕುಸಿದಿತ್ತು. ಕೈಯಷ್ಟು ಅಗಲದ ಧಾರೆ ತೋಡಿಗೆ ಇಳಿಯುತ್ತಿತ್ತು.

ಅಲ್ಲೇ ನಿಂತು ಅವಳಿಗೆ ಫೋನ್ ಮಾಡಿ ನಮ್ಮದೇ ಅಂದೆ. ಅವಳ ಗಂಡ ಗುದ್ದಲಿ ಹಿಡಿದು ಬಂದರು. ಇಬ್ಬರೂ ಸೇರಿ ಮಣ್ಣು ಹಾಕಿ, ಮೇಲೆ ಗೋಣಿ ಒತ್ತಿ ಮುಚ್ಚುವ ಹೊತ್ತಿಗೆ ಹನ್ನೊಂದೂವರೆ. ಬೆಳಿಗ್ಗೆ ಎದ್ದು ನೋಡಿದರೆ ಚಿಕ್ಕಪ್ಪ ಆಗಲೇ ತೋಡಿನಲ್ಲಿದ್ದರು, ಪಂಚೆ ಎತ್ತಿ ಕಟ್ಟಿ, ಒಂದೊಂದೇ ಕಲ್ಲು ಎತ್ತಿ ನೋಡುತ್ತಾ.