ಎಡಿನ್‌ಬರೋ ಕೋಟೇಲಿ ಅಪ್ಪ ಅವ್ವನ ಜೊತೆ ಒಂದು ದಿನ

ಅಪ್ಪ ಅವ್ವ ನ್ಯೂಕ್ಯಾಸಲ್‌ಗೆ ನಮ್ಮನೆಗೆ ಬಂದು ಎರಡು ತಿಂಗಳಾಗಿತ್ತು, ವಾಪಸ್ ಹೋಗೋದ್ರೊಳಗೆ ಒಂದು ಒಳ್ಳೆ ಜಾಗ ತೋರಿಸ್ಬೇಕು ಅಂತ ನನಗೆ ಒಳಗೊಳಗೇ ಕೊರೀತಾ ಇತ್ತು. ಲಂಡನ್ನಿಗೆ ಹೋಗೋಣ ಅಂದ್ರೆ ಅವ್ವನ ಮಂಡಿನೋವು, ಅಷ್ಟು ದೂರ ಬೇಡ ಅಂತ ಅವಳೇ ಅಂದ್ಬಿಟ್ಲು. ಎಡಿನ್‌ಬರೋ ಆದ್ರೆ ಟ್ರೈನಲ್ಲಿ ಒಂದೂವರೆ ಗಂಟೆ, ಬೆಳಗ್ಗೆ ಹೋಗಿ ರಾತ್ರಿ ಬಂದ್ಬಿಡಬಹುದು. ಅದು ಸ್ಕಾಟ್ಲೆಂಡು ಅಂದಿದ್ದೇ ತಡ ಅಪ್ಪ ಪೇಪರ್ ಕೆಳಗಿಟ್ಟು "ಬೇರ್ಡ್ ಊರಲ್ವಾ ಅದು?" ಅಂದ್ರು.

ನಮ್ದು ಶ್ರೀರಂಗಪಟ್ಟಣದ ಪಕ್ಕದ ಒಂದು ಹಳ್ಳಿ, ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದೋರು. ಪ್ರತಿ ವರ್ಷ ಮಕ್ಕಳನ್ನ ಸಾಲಾಗಿ ನಡೆಸ್ಕೊಂಡು ಹೋಗಿ ಕೋಟೆ ಒಡೆದ ಜಾಗ, ಟಿಪ್ಪು ದೇಹ ಸಿಕ್ಕಿದ ಜಾಗ, ಬೈಲಿ ಡಂಜನ್ನು ಅನ್ನೋ ಹಳೇ ಸೆರೆಮನೆ ಎಲ್ಲ ತೋರಿಸ್ತಿದ್ರು, ನಾನೂ ಆ ಸಾಲಲ್ಲಿ ನಡೆದೋಳೇ. ಡೇವಿಡ್ ಬೇರ್ಡ್ ಅನ್ನೋ ಹೆಸರು ನಮ್ಮನೇಲಿ ಅಷ್ಟು ಮಾಮೂಲಿ. 1780ರಲ್ಲಿ ಪೊಳ್ಳಿಲೂರಲ್ಲಿ ಹೈದರನ ಸೈನ್ಯದ ಕೈಗೆ ಸಿಕ್ಕಿಬಿದ್ದು, ಮೂರೂವರೆ ವರ್ಷಕ್ಕೂ ಮೇಲೆ ನಮ್ಮ ಪಟ್ಟಣದಲ್ಲಿ ಸೆರೆ ಇದ್ದೋನು, 1784ರಲ್ಲಿ ಬಿಡುಗಡೆ ಆಗಿ, ಆಮೇಲೆ 1799ರ ಮೇ 4ಕ್ಕೆ ಅದೇ ಕೋಟೆಗೆ ಲಗ್ಗೆ ಇಟ್ಟವರ ಮುಂದೆ ನಿಂತೋನು. ಅವನು ಹುಟ್ಟಿದ್ದು ಎಡಿನ್‌ಬರೋ ಪಕ್ಕದ ಈಸ್ಟ್ ಲೋಥಿಯನ್ ಸೀಮೇಲಿ. ಮಗನನ್ನ ಇನ್ನೊಬ್ಬ ಕೈದಿ ಜೊತೆ ಸರಪಳಿ ಹಾಕಿ ಕಟ್ಟವ್ರೆ ಅಂತ ಸುದ್ದಿ ಬಂದಾಗ ಅವನ ತಾಯಿ "ಅಯ್ಯೋ, ನಮ್ಮ ಡೇವಿ ಜೊತೆ ಕಟ್ಟಿಸ್ಕೊಂಡೋನ ಪಾಡೇನೋ ಪಾಪ" ಅಂದಿದ್ಲಂತೆ, ಅಷ್ಟು ಸಿಡುಕಿನ ಮನುಷ್ಯ. ಈ ಕಥೆ ಅಪ್ಪ ಕ್ಲಾಸಲ್ಲಿ ಹೇಳಿದಾಗೆಲ್ಲ ನಾವು ನಗ್ತಿದ್ವಿ.

ರಾತ್ರಿನೇ ಪುಳಿಯೋಗರೆ ಗೊಜ್ಜು ಕಾಯಿಸಿಟ್ಟು, ಬೆಳಗ್ಗೆ ಕಲಸಿ ಡಬ್ಬಿಗೆ ಹಾಕ್ಕೊಂಡು ಹೊರಟ್ವಿ. ಬೆರಿಕ್ ದಾಟಿದ ಮೇಲೆ ಟ್ರೈನು ಸಮುದ್ರದ ಅಂಚಲ್ಲೇ ಓಡುತ್ತೆ, ಅವ್ವ ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ. ವೇವರ್ಲಿ ಸ್ಟೇಷನ್ನಲ್ಲಿ ಇಳಿದು ಮೇಲೆ ಬಂದ್ರೆ ಗಾಳಿ ಅಂದ್ರೆ ಗಾಳಿ, ಅವ್ವ ಸೆರಗನ್ನ ಕೋಟಿನೊಳಗೆ ತುರುಕ್ಕೊಂಡು ನಿಂತ್ಲು. ಎದುರಿಗೇ ಕಪ್ಪಗೆ ಮಸಿ ಬಳಿದಂಗೆ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಸ್ಮಾರಕ, 61 ಮೀಟರ್ ಎತ್ತರ. ಅದರ ಕಲ್ಲಲ್ಲೇ ಎಣ್ಣೆ ಅಂಶ ಇರೋದ್ರಿಂದ ಆ ಕಾಲದ ಕಲ್ಲಿದ್ದಲ ಹೊಗೆ ಎಲ್ಲ ಹೀರ್ಕೊಂಡು ಹಂಗಾಗಿದ್ಯಂತೆ. ಅದನ್ನ ಡಿಸೈನ್ ಮಾಡಿದ ಜಾರ್ಜ್ ಮೀಕಲ್ ಕೆಂಪ್ ಓದಿ ಕಲಿತ ಆರ್ಕಿಟೆಕ್ಟ್ ಅಲ್ಲ, ಬಡಗಿ ಕೆಲಸ ಮಾಡ್ಕೊಂಡಿದ್ದೋನು, ಕಟ್ಟಡ ಮುಗಿಯೋಕೆ ಮುಂಚೆನೇ 1844ರಲ್ಲಿ ಕಾಲುವೆಗೆ ಬಿದ್ದು ತೀರ್ಕೊಂಡ. 287 ಮೆಟ್ಟಿಲು ಹತ್ತೋ ಮಾತೇ ಇರಲಿಲ್ಲ, ಕೆಳಗಿಂದಲೇ ನೋಡಿ ಅಪ್ಪ ಒಂದು ಕ್ಷಣ ಕೈ ಮುಗಿದ್ರು. ಕಟ್ಟಿದೋನಿಗೆ ಅಂತ ನಾನು ಅಂದ್ಕೊಂಡೆ, ಕೇಳಲಿಲ್ಲ.

ಕೋಟೆಗೆ ಹತ್ತೋ ದಾರಿ ಕಲ್ಲು ಹಾಸಿನದು, ಮಂಡಿ ನೋವಿರೋರಿಗೆ ನಿಜವಾಗ್ಲೂ ಕಷ್ಟ. ಅರ್ಧಗಂಟೆಗೊಂದು ಸಲ ಕೂರ್ಸಿ ಕೂರ್ಸಿ ಕರ್ಕೊಂಡು ಹೋದೆ. ಯಾರಾದ್ರೂ ವಯಸ್ಸಾದವರನ್ನ ಕರ್ಕೊಂಡು ಹೋಗೋರಿದ್ರೆ ಬೆಳಗ್ಗೆ ಬೇಗ ಹೋಗಿ, ಅವಸರ ಮಾತ್ರ ಮಾಡಬೇಡಿ. ಕೋಟೆ ನಿಂತಿರೋದೇ ಆರಿಹೋದ ಜ್ವಾಲಾಮುಖಿಯ ಬಂಡೆ ಮೇಲೆ, ಮೂರು ಕಡೆ ನೇರ ಪಾತಾಳ, ಒಂದು ಕಡೆ ಮಾತ್ರ ದಾರಿ. ಅಪ್ಪ ಗೋಡೆಯಿಂದ ಬಗ್ಗಿ ನೋಡಿ "ನಮ್ದು ನೀರಿನ ಕೋಟೆ, ಇವ್ರುದು ಬೆಟ್ಟದ ಕೋಟೆ. ಬೇಸಿಗೇಲಿ ಕಾವೇರಿ ಬತ್ತಿ ನಮ್ದು ಹೋಯ್ತು, ಇದೆಲ್ಲಿ ಬತ್ತುತ್ತೆ" ಅಂದ್ರು.

ಮೇಲ್ಗಡೆ ಸೇಂಟ್ ಮಾರ್ಗರೆಟ್ ಚಾಪೆಲ್ ಅಂತ ಒಂದು ಪುಟ್ಟ ಗುಡಿ ಇದೆ, ನಮ್ಮೂರ ಮಾರಿಗುಡಿಗಿಂತ ಸ್ವಲ್ಪ ದೊಡ್ಡದಿರಬಹುದು ಅಷ್ಟೇ. ಈಗಿರೋದ್ರಲ್ಲಿ ಇಡೀ ಊರಿಗೇ ಹಳೇ ಕಟ್ಟಡ ಅದು, 1130ರ ಸುಮಾರಿಗೆ ಡೇವಿಡ್ ರಾಜ ತನ್ನ ತಾಯಿ ನೆನಪಿಗೆ ಕಟ್ಟಿಸಿದ್ದು. ನಮ್ಮ ಬೇಲೂರು ದೇವಸ್ಥಾನಕ್ಕೆ ಹೆಚ್ಚುಕಮ್ಮಿ ವಾರಿಗೆ ಅಂದ್ರು ಅಪ್ಪ. ಅಲ್ಲಿ ಹೂವು ಇಟ್ಟಿದ್ರು, ಬಿಳೀ ಹೂವು, ಆವತ್ತಿಂದೇ ಅನ್ನಿಸೋ ಹಂಗೆ ತಾಜಾ. ಸ್ಕಾಟ್ಲೆಂಡಲ್ಲಿ ಮಾರ್ಗರೆಟ್ ಅಂತ ಹೆಸರಿರೋ ಹೆಂಗಸರು ಒಂದು ಸಂಘ ಮಾಡ್ಕೊಂಡು ಸರದಿ ಪ್ರಕಾರ ಈ ಗುಡಿಗೆ ಹೂವು ತಂದಿಡ್ತಾರೆ ಅಂತ ಅವ್ವಂಗೆ ಹೇಳಿದೆ. ಅವ್ವಂಗೆ ಇಡೀ ಕೋಟೇಲಿ ಇದೇ ಹಿಡಿಸಿಬಿಡ್ತು. "ನಮ್ಮೂರಲ್ಲಿ ಲಕ್ಷ್ಮಿ ಅನ್ನೋರೆಲ್ಲ ಸೇರ್ಕಂಡ್ರೆ ಲಕ್ಷ್ಮೀದೇವಮ್ಮನ ಗುಡಿಗೆ ದಿನಾ ಒಂದೊಂದು ಮೊಳ ಆಯ್ತದೆ" ಅಂತ ಅಲ್ಲೇ ಲೆಕ್ಕ ಹಾಕೋಕೆ ಶುರು ಮಾಡಿದ್ಲು.

ಒಂದು ಗಂಟೆಗೆ ಫಿರಂಗಿ ಹೊಡೀತಾರೆ. ಭಾನುವಾರ, ಗುಡ್ ಫ್ರೈಡೇ, ಕ್ರಿಸ್‌ಮಸ್ ಬಿಟ್ಟು ದಿನಾ. 1861ರಿಂದ ನಡ್ಕೊಂಡು ಬಂದಿರೋದು, ಕೆಳಗೆ ಸಮುದ್ರದಲ್ಲಿರೋ ಹಡಗಿನವರು ಗಡಿಯಾರ ಸರಿ ಮಾಡ್ಕೊಳ್ಳಲಿ ಅಂತ. ನಾನು ಮೊದಲೇ ಹೇಳಿದ್ರೂ ಢಮ್ ಅಂದಾಗ ಅವ್ವ ನನ್ನ ತೋಳು ಗಟ್ಟಿಯಾಗಿ ಹಿಡ್ಕೊಂಡ್ಲು. ಅಪ್ಪ ಮಾತ್ರ ಕೈಗಡಿಯಾರ ನೋಡ್ತಿದ್ರು. ಅವರ ಹಳೇ ಎಚ್‌ಎಂಟಿ ಎರಡು ನಿಮಿಷ ಹಿಂದಿತ್ತು, ಅಲ್ಲೇ ಕೀಲಿ ಎಳೆದು ಸರಿ ಮಾಡ್ಕೊಂಡ್ರು. 1861ರಲ್ಲಿ ಯಾತಕ್ಕೆ ಶುರು ಮಾಡಿದ್ರೋ ಆ ಕೆಲಸ ನನ್ನ ಕಣ್ಣೆದುರೇ ಆಯ್ತು, ನನಗೆ ಏನೋ ಒಂಥರಾ ಖುಷಿ.

ಆಮೇಲೆ ಮಾನ್ಸ್ ಮೆಗ್ ಅನ್ನೋ ದೊಡ್ಡ ಫಿರಂಗಿ ನೋಡಿದ್ವಿ, 1449ರದ್ದು, ಆರು ಟನ್ನು, 150 ಕೆಜಿ ಕಲ್ಲುಗುಂಡು ಎಸೀತಿತ್ತು. ಅದ್ರ ಕೊಳವೆ ಹೆಂಗೆ ಮಾಡವ್ರೆ ಅಂತ ಅಪ್ಪ ಬಗ್ಗಿ ನೋಡಿದ್ರು. ಉದ್ದುದ್ದ ಕಬ್ಬಿಣದ ಪಟ್ಟಿ ಜೋಡಿಸಿ ಮೇಲೆ ಬಳೆ ಹಾಕಿರೋದು, ಥೇಟ್ ನಮ್ಮ ಗಾಡಿ ಚಕ್ರಕ್ಕೆ ಪಟ್ಟಾ ಹಾಕ್ದಂಗೆ.

ಆದ್ರೆ ನಾನು ಬರೀಬೇಕು ಅಂತ ಕೂತಿದ್ದು ಕೋಟೆಯ ಕೆಳಗಡೆ ಇರೋ ಸೆರೆಮನೆ ಬಗ್ಗೆ. ಕಲ್ಲಿನ ಕಮಾನಿನ ಕತ್ತಲೆ ಕೋಣೆಗಳು, ಆ ಕಾಲದಲ್ಲಿ ಹೆಂಗಿತ್ತೋ ಹಂಗೇ ತೋರಿಸೋಕೆ ಜೋಳಿಗೆ ಥರ ಹಾಸಿಗೆ ಕಟ್ಟಿದಾರೆ, ಬಟ್ಟೆ ಒಣಗಾಕಿದಾರೆ. ಯುದ್ಧದಲ್ಲಿ ಸಿಕ್ಕ ಕೈದಿಗಳನ್ನ, ಹೆಚ್ಚಾಗಿ ಹಡಗಿನವರನ್ನ, ಇಲ್ಲಿ ತುಂಬ್ತಿದ್ರು. ಫ್ರೆಂಚರು, ಸ್ಪೇನಿನವರು, ಡಚ್ಚರು, ಅಮೆರಿಕದವರು. ಅವರು ಊಟದಲ್ಲಿ ಉಳಿದ ಮೂಳೆಯಿಂದ ಡಬ್ಬಿ ಗಿಬ್ಬಿ ಕೆತ್ತಿ ಮಾರ್ತಿದ್ರು, ಕೆಲವರು ಕಳ್ಳನೋಟು ಕೂಡ ಮಾಡ್ತಿದ್ರು, 1811ರಲ್ಲಿ 49 ಜನ ಗೋಡೆ ಕೊರೆದು ಹಗ್ಗದಲ್ಲಿ ಇಳಿದು ಓಡಿಹೋದ್ರು.

ಅಲ್ಲಿ ಹಳೇ ಮರದ ಬಾಗಿಲುಗಳಿವೆ. ಕೈದಿಗಳು ಚಾಕುಲೋ ಮೊಳೇಲೋ ಕೆತ್ತಿರೋದೆಲ್ಲ ಹಂಗೇ ಇದೆ. ಹೆಸರುಗಳು, ಹಡಗುಗಳು, ಒಂದರಲ್ಲಿ ಪಟ್ಟೆಪಟ್ಟೆ ಅಮೆರಿಕದ ಬಾವುಟ. ಆ ದೇಶ ಆಗಷ್ಟೇ ಹುಟ್ತಿತ್ತು, ಯಾವನೋ ಒಬ್ಬ ಅದರ ಬಾವುಟನ ಶತ್ರು ಬಾಗಿಲ ಮೇಲೆ ಕೆತ್ತಿದಾನೆ. ಅಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕ್ಕೊಂಡು ನಿಂತ್ರು. ನಾನು ಬೋರ್ಡ್ ಓದಿ ಹೇಳ್ತಾ ಇದ್ದೆ, 1781ರಲ್ಲಿ ಇಲ್ಲಿ ಕೈದಿಗಳು ತುಂಬಿ ತುಳುಕ್ತಿದ್ರು ಅಂತ. ಅಪ್ಪ ತಟ್ಟನೆ ತಿರುಗಿದ್ರು.

"ಯಾವ ಇಸ್ವಿ?"

"ಎಂಬತ್ತೊಂದು, ಅಪ್ಪ."

"ಆವಾಗ ಬೇರ್ಡು ನಮ್ಮಲ್ಲಿದ್ದ ಕಣ್ಮಗ."

ನನಗೆ ಇದು ಹೊಳೆದೇ ಇರಲಿಲ್ಲ. ಈ ಸೀಮೆ ಹುಡುಗರು ನಮ್ಮೂರಲ್ಲಿ ಸರಪಳಿ ಹಾಕಿಸ್ಕೊಂಡು ಕೂತಿದ್ದಾಗ, ಇನ್ಯಾವ್ಯಾವುದೋ ದೇಶದ ಹುಡುಗರು ಇವರ ಕೋಟೇಲಿ ಕೂತಿದ್ರು. ಒಂದೇ ಹೊತ್ತಲ್ಲಿ. ಬೇರ್ಡ್ ತಾಯಿ ಕಾಯ್ತಿದ್ಲು, ಇಲ್ಲಿ ಸೆರೆ ಇದ್ದ ಹುಡುಗರ ತಾಯಂದಿರೂ ಕಾಯ್ತಿದ್ರು. ನಾನು ಸ್ಕೂಲಲ್ಲಿ ಆ ತಾಯಿ ಮಾತು ಕೇಳಿ ನಕ್ಕಿದ್ದೆ, ಆವತ್ತು ಅಲ್ಲಿ ನಿಂತಾಗ ನಗು ಬರಲಿಲ್ಲ.

ಹೊರಗೆ ಬಂದು ಬೆಂಚ್ ಮೇಲೆ ಪುಳಿಯೋಗರೆ ಬಿಚ್ಚಿದ್ವಿ. ಮೊಬೈಲಲ್ಲಿ ಡೇವಿಡ್ ವಿಲ್ಕಿ ಬರೆದ ಪೇಂಟಿಂಗ್ ತೆಗೆದು ತೋರಿಸಿದೆ, ಬೇರ್ಡ್ ದೀಪದ ಬೆಳಕಲ್ಲಿ ಟಿಪ್ಪು ದೇಹ ಪತ್ತೆ ಮಾಡೋದು. ಬೇರ್ಡ್ ಹೆಂಡತಿ ಬರೆಸಿದ್ದು, ಮುಗಿದಿದ್ದು 1839ರಲ್ಲಿ, ಅಂದ್ರೆ ಯುದ್ಧ ಆಗಿ 40 ವರ್ಷ ಆದ್ಮೇಲೆ, ವಿಲ್ಕಿ ಇಂಡಿಯಾಕ್ಕೆ ಬಂದೋನೇ ಅಲ್ಲ. ಈಗ ಸ್ಕಾಟ್ಲೆಂಡ್ ನ್ಯಾಷನಲ್ ಗ್ಯಾಲರಿ ಸಂಗ್ರಹದಲ್ಲಿದೆ. ಅಪ್ಪ ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ ಬೇರ್ಡ್ ಕಾಲ ಕೆಳಗೆ ತೋರಿಸಿದ್ರು, ಅಲ್ಲೊಂದು ಕಬ್ಬಿಣದ ಸರಳಿನ ಕಿಂಡಿ ಇದೆ, ಅವನು ಸೆರೆ ಇದ್ದ ಜಾಗದ ಗುರುತಿಗೆ ಬರೆದಿರೋದು. ಟಿಪ್ಪು ಅವನ ಕಾಲಡಿ ಬಿದ್ದಿರೋ ಹಂಗೆ ತೋರಿಸಿರೋದು ಅಪ್ಪಂಗೆ ನೋವಾಯ್ತು ಅಂತ ಕಾಣುತ್ತೆ, ಮೊಬೈಲ್ ನನ್ನ ಕೈಗೆ ಕೊಟ್ಟು ಸುಮ್ಮನೆ ಊಟ ಮಾಡಿದ್ರು. ನನಗೂ ಆ ಚಿತ್ರ ಪೂರ್ತಿ ಒಪ್ಪಿಗೆ ಇಲ್ಲ. ಕಿಂಡಿ ಮಾತ್ರ ಮರೆಯೋಕೆ ಆಗಲ್ಲ.

ಮಧ್ಯಾಹ್ನ ಇಳಿಜಾರು, ಆರಾಮಾಗಿ ರಾಯಲ್ ಮೈಲ್ ಕಡೆಯಿಂದ ಚೇಂಬರ್ಸ್ ಸ್ಟ್ರೀಟ್‌ನ ನ್ಯಾಷನಲ್ ಮ್ಯೂಸಿಯಂಗೆ ಬಂದ್ವಿ. ಟಿಕೆಟ್ ಇಲ್ಲ, ಎಲ್ಲರಿಗೂ ಫ್ರೀ, ಲಿಫ್ಟ್ ಇದೆ, ಬಾತ್‌ರೂಮ್ ಇದೆ, ಹೋದವರು ಬಿಡಬೇಡಿ. 1996ರಲ್ಲಿ ಕ್ಲೋನ್ ಮಾಡಿದ ಡಾಲಿ ಕುರಿನ ಅಲ್ಲೇ ಗಾಜಿನ ಪೆಟ್ಟಿಗೇಲಿಟ್ಟಿದಾರೆ. ಅವ್ವ ಕುರಿ ಸಾಕಿದೋಳು, "ಒಳ್ಳೆ ಜಾತಿ ಕುರಿ" ಅಂದು ಮುಂದೆ ಹೋದ್ಲು.

ಅವಳು ನಿಂತಿದ್ದು ಲೂಯಿಸ್ ಚದುರಂಗದ ಕಾಯಿಗಳ ಮುಂದೆ. ವಾಲ್ರಸ್ ಅನ್ನೋ ಸಮುದ್ರ ಪ್ರಾಣಿ ದಂತದಲ್ಲಿ 12ನೇ ಶತಮಾನದಲ್ಲಿ ಕೆತ್ತಿರೋವು, ಬಹುಶಃ ನಾರ್ವೇಲಿ. ಲೂಯಿಸ್ ದ್ವೀಪದಲ್ಲಿ ಸಿಕ್ಕಿ 1831ರಲ್ಲಿ ಹೊರಗೆ ಗೊತ್ತಾಯ್ತು. 82 ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಹೋಯ್ತು, ಇಲ್ಲಿ ಇರೋದು ಹನ್ನೊಂದೇ. ಬೆರಳುದ್ದದ ರಾಣಿ, ಕಿರೀಟದ ಕೆಳಗೆ ಮುಸುಕು, ದಪ್ಪ ಕಣ್ಣು, ಬಲಗೈನ ಕೆನ್ನೆಗೆ ಒತ್ತಿಕೊಂಡು ಕೂತಿದಾಳೆ.

"ಯಾಕೆ ಹಿಂಗೆ ಗಲ್ಲಕ್ಕೆ ಕೈ ಕೊಟ್ಕಂಡು ಕುಂತವ್ಳೆ? ಯಾರು ಹೋದ್ರಂತೆ?" ಅಂದ್ಲು ಅವ್ವ.

ಚಿಕ್ಕವಳಿದ್ದಾಗ ನಾನು ಹಂಗೆ ಕೂತ್ರೆ ಅವ್ವ ಕೈಗೊಂದು ಏಟು ಕೊಡೋಳು, ಮನೆಗೆ ಆಗಿಬರಲ್ಲ ಅಂತ. ಇದು ಚದುರಂಗ ಅವ್ವ, ನಮ್ಮ ಕಡೆ ಹುಟ್ಟಿದ ಆಟ, ಪರ್ಷಿಯಾ ಅರಬ್ಬರ ಕೈ ದಾಟಿ ಇಲ್ಲಿಗೆ ಬಂತು, ನಾವು ಮಂತ್ರಿ ಅಂತೀವಲ್ಲ ಆ ಜಾಗಕ್ಕೆ ಇವರು ರಾಣೀನ ಕೂರಿಸಿದ್ರು ಅಂತ ವಿವರಿಸಿದೆ. ಅವ್ವ ಪೂರ್ತಿ ಕೇಳಿಸ್ಕೊಂಡು, ಗಾಜಿನ ಹತ್ರ ಬಗ್ಗಿ, "ಗಂಡ ಮಕ್ಳನ್ನ ಯುದ್ಧಕ್ಕೆ ಕಳ್ಸಿ ಕುಂತವ್ಳೆ ಬುಡು, ಪಾಪ" ಅಂದ್ಲು. ರಾಣಿ ಯಾಕೆ ಹಂಗೆ ಕೂತಿದಾಳೆ ಅಂತ ತಿಳಿದೋರು ಬೇರೆ ಬೇರೆ ಥರ ಹೇಳ್ತಾರೆ. ನನಗೆ ಅವ್ವ ಹೇಳಿದ್ದೇ ಸಾಕು.

ಯಜಮಾನನ ಸಮಾಧಿ ಕಾಯ್ತಿತ್ತು ಅಂತ ಹೇಳೋ ಗ್ರೇಫ್ರೈಯರ್ಸ್ ನಾಯಿ ಪ್ರತಿಮೆ ದಾರೀಲೇ ಸಿಗ್ತು, ಕಾಲ್ಟನ್ ಹಿಲ್ ಅನ್ನೋ ಗುಡ್ಡ ಬಿಟ್ವಿ, ಅವ್ವನ ಮಂಡಿ ಸಾಕು ಅಂದಿತ್ತು. ಏಳು ಗಂಟೆ ಟ್ರೈನಿಗೆ ಹತ್ತಿದ್ರೆ ಇನ್ನೂ ಹಗಲೇ. ಇಬ್ಬರೂ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋದ್ರು.

ಅವರು ಊರಿಗೆ ವಾಪಸ್ ಹೋಗಿ ಮೂರು ವಾರಕ್ಕೆ ಅಪ್ಪನ ವಾಟ್ಸಾಪ್ ಬಂತು. ಬೈಲಿ ಡಂಜನ್ನಿನ ನಾಲ್ಕು ಫೋಟೋ. ಬಿಳೀ ಕಮಾನು, ಮಧ್ಯದಲ್ಲಿ ಬಿದ್ದಿರೋ ಫಿರಂಗಿ, ಕೈದಿಗಳ ಕೈ ಕಟ್ತಿದ್ದ ಗೋಡೆ ಕಲ್ಲು ತೀರಾ ಹತ್ತಿರದಿಂದ ಎರಡು ಫೋಟೋ. ಯಾಕಪ್ಪ ಅಲ್ಲಿಗೆ ಹೋಗಿದ್ರಿ ಅಂತ ಫೋನ್ ಮಾಡಿದೆ. ಆ ಬಾಗಿಲ ಮೇಲೆ ಕೆತ್ತಿದ್ರಲ್ಲ, ಇಲ್ಲೂ ಯಾರಾದ್ರೂ ಏನಾದ್ರೂ ಗೀಚಿರಬಹುದಾ ಅಂತ ಬೆಳಗ್ಗೆಯಿಂದ ಟಾರ್ಚ್ ಹಿಡ್ಕೊಂಡು ನೋಡ್ತಿದ್ರಂತೆ, ಇಷ್ಟು ವರ್ಷ ಮಕ್ಕಳನ್ನ ಕರ್ಕೊಂಡು ಬಂದ್ರೂ ಒಂದು ಸಲಾನೂ ಹಂಗೆ ನೋಡಿರಲಿಲ್ವಂತೆ.

"ಸಿಕ್ತಾ ಅಪ್ಪ?"

"ಎಲ್ಲಾ ಕಡೆ ಸುಣ್ಣ ಬಳ್ದವ್ರೆ ಕಣ್ಮಗ. ಇದ್ರೂ ಅದರ ಕೆಳಗಿರ್ಬೇಕು. ನಾಳೆ ಇನ್ನೊಂದು ಸಲ ಬರ್ತೀನಿ, ಆ ಮೂಲೆ ನೋಡಿಲ್ಲ."