ಮರಾಂಗುವಿನಲ್ಲಿ ಆರು ವಾರ: ಅಲ್ಲಿ ಮಾಮಾ ಅಂದರೆ ಅಮ್ಮ

ಪೂರ್ವ ಆಫ್ರಿಕಾದ ಮರಾಂಗುವಿನಲ್ಲಿ ನನ್ನ ಮೊದಲ ಎಡವಟ್ಟು ಗಡಿಯಾರದ್ದು. "ನಾಳೆ ಸಾ ಎಂಬಿಲಿಗೆ ಸಂತೆಗೆ ಹೋಗೋಣ" ಅಂದಿದ್ದರು ನಾನು ಉಳಿದಿದ್ದ ಮನೆಯ ಒಡತಿ. ಸಾ ಅಂದರೆ ಗಂಟೆ, ಎಂಬಿಲಿ (ನನ್ನ ಕಿವಿಗೆ ಅಂಬಲಿ!) ಅಂದರೆ ಎರಡು. ಹೊರಡೋದು ಎರಡು ಗಂಟೆಗೆ ತಾನೇ ಎಂದು ಬೆಳಿಗ್ಗೆ ನಿಧಾನಕ್ಕೆ ಬಟ್ಟೆ ನೆನೆಹಾಕಿ ಕೂತೆ. ಎಂಟಕ್ಕೆ ದಲದಲ, ಅಂದರೆ ಅಲ್ಲಿನ ಟೆಂಪೋ, ಹೊರಟೇ ಹೋಯಿತು. ಸ್ವಾಹಿಲಿ ಅಲ್ಲಿನ ಮಾತು, ಆ ಮಾತಿನ ಗಡಿಯಾರ ಬೆಳಕು ಹರಿದ ಮೇಲೆ ಶುರು. ನಮ್ಮ ಏಳು ಗಂಟೆ ಅವರಿಗೆ ಒಂದು, ಎಂಟು ಅವರಿಗೆ ಎರಡು. ಸ್ವಾಹಿಲಿಯಲ್ಲಿ ಯಾರು ಹೊತ್ತು ಹೇಳಿದರೂ ಆರು ಕೂಡಿಸಿಕೊಳ್ಳಿ. ಬಸ್ ಟಿಕೆಟ್ ಕೊಳ್ಳುವಾಗಲಂತೂ ಎರಡು ಸಲ ಕೇಳಿ.

ಮರಾಂಗು ಇರುವುದು ತಾಂಜಾನಿಯಾದ ಕಿಲಿಮಂಜಾರೋ ತಪ್ಪಲಲ್ಲಿ, ಚಗ್ಗಾ ಜನರ ಸೀಮೆ. ಬಾಳೆಯ ನೆರಳಲ್ಲಿ ಕಾಫಿ, ಕಾಫಿ ಸಾಲಿನ ನಡುವೆ ಗೆಡ್ಡೆ, ಮಧ್ಯೆ ಮನೆ. ಇಂಥ ತೋಟಕ್ಕೆ ಕಿಹಾಂಬಾ ಎನ್ನುತ್ತಾರೆ. ಕೃಷಿ ಓದುವ ನಾನು ಅದನ್ನು ನೋಡಲೆಂದೇ ಹೋದವಳು. ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆ ಕಳೆದ ಮೇಲೆ ಹೋಗಿ, ಇಲ್ಲದಿದ್ದರೆ ಆ ಕೆಂಪು ಕೆಸರಲ್ಲಿ ಚಪ್ಪಲಿ ಕೈಲಿ ಹಿಡಿದೇ ಓಡಾಡಬೇಕು. ಆಫ್ರಿಕಾ ಎಂದರೆ ಸೆಕೆ ಅಂದುಕೊಂಡು ಒಂದೂ ಸ್ವೆಟರ್ ಒಯ್ಯದೆ ಜುಲೈ ರಾತ್ರಿಗಳಲ್ಲಿ ನಡುಗಿದೆ. ಚಾರ್ಜರ್‌ಗೆ ಮೂರು ಚೌಕ ಕಡ್ಡಿಯ ಅಡಾಪ್ಟರ್ ಬೇಕು. ತೆಳು ಪ್ಲಾಸ್ಟಿಕ್ ಚೀಲ ಒಯ್ಯಬೇಡಿ, 2019ರಿಂದ ಅಲ್ಲಿ ನಿಷೇಧ. ಪ್ರವಾಸಿ ವೀಸಾ ಇಟ್ಟುಕೊಂಡು ಶಾಲೆಯಲ್ಲಿ ಪಾಠ ಹೇಳುವುದು, ಸರ್ವೆ ಮಾಡುವುದು ಬೇಡ, ಅದಕ್ಕೆ ಬೇರೆ ಪರವಾನಗಿ ಇದೆ. ಅಡಿಸ್ ಅಬಾಬ ಅಥವಾ ನೈರೋಬಿ ಮೇಲೆ ಹೋಗಿಬರುವವರು ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಹತ್ತು ದಿನಕ್ಕಿಂತ ಮೊದಲೇ ಹಾಕಿಸಿಕೊಂಡು ಕಾರ್ಡ್ ಜೋಪಾನವಾಗಿಡುವುದು ಕ್ಷೇಮ. ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನೇ ಕೇಳಿ.

ಇಷ್ಟೆಲ್ಲ ಹೊಂದಿಸಿಕೊಂಡರೂ ಮನೆಯೊಳಗೆ ಕೆಲಸಕ್ಕೆ ಬರುವುದು ಒಂದೇ ಮಾತು: ಶಿಕಾಮೋ, ಹಿರಿಯರಿಗೆ ಹೇಳುವ ನಮಸ್ಕಾರ. ಹಿರಿಯರು ಕಂಡ ತಕ್ಷಣ ನೀವೇ ಮೊದಲು ಹೇಳಬೇಕು, ಅವರು "ಮರಹಬಾ" ಅನ್ನುತ್ತಾರೆ. ಬಾಗಿಲಲ್ಲಿ "ಹೋಡಿ?" ಎಂದು ಕೂಗಿ, "ಕರಿಬು" ಕೇಳಿಸಿದ ಮೇಲೆ ಒಳಗೆ ಕಾಲಿಡಿ. ಮನೆಯೊಡತಿಯನ್ನು ಮಾಮಾ ಎಂದು ಕರೆಯಲು ನನಗೆ ವಾರವೇ ಹಿಡಿಯಿತು, ಬಾಯಿಗೆ ಬಂದಾಗಲೆಲ್ಲ ಊರಿನ ಸೋದರಮಾವನ ಮೀಸೆ ಕಣ್ಣಮುಂದೆ! ಅಜ್ಜಿ ಬೀಬಿ, ಅಜ್ಜ ಬಾಬು. ಬೀದಿಯ ಮಕ್ಕಳಿಗೆ ನಾನು "ಮ್ಹಿಂದಿ", ಅಂದರೆ ಇಂಡಿಯಾದವಳು. ಅವರು ಕಂಡಿದ್ದ ಇಂಡಿಯಾದವರೆಲ್ಲ ಮೋಶಿ ಪೇಟೆಯ ಅಂಗಡಿಯವರು. ಮ್ಹಿಂದಿಯೊಬ್ಬಳು ದನಕ್ಕೆ ಹುಲ್ಲು ಹೊರುವುದನ್ನು ನೋಡಲು ಬೇಲಿಯಾಚೆ ಸಾಲುಗಟ್ಟಿ ನಿಂತರು. ಅಲ್ಲಿ ಹಸುಗಳನ್ನು ಮೇಯಲು ಬಿಡುವುದಿಲ್ಲ, ಬಾಳೆದಿಂಡು, ಹುಲ್ಲು ಕೊಟ್ಟಿಗೆಗೇ ಬರಬೇಕು. ಮೊದಲ ಮೂರು ದಿನ ಅತಿಥಿಯಾಗಿ ಕೂತು ಬೇಸತ್ತೆ. ನಾಲ್ಕನೇ ದಿನ ಕುಡುಗೋಲು ಹಿಡಿದ ಮೇಲೇ ಊಟಕ್ಕೆ ಅಡುಗೆಮನೆಗೆ ಕರೆದರು.

ಸಸ್ಯಾಹಾರಿಗಳು ಹೋದ ದಿನವೇ ಹೇಳಿಬಿಡಿ, ನಿಮ್ಮ ಗೌರವಕ್ಕೆ ಕೋಳಿ ಕೊಯ್ದ ಮೇಲಲ್ಲ. "ಸಿಲಿ ನ್ಯಾಮಾ" (ಮಾಂಸ ತಿನ್ನಲ್ಲ) ಅಂದರೆ ಸಾಲದು, ಕೋಳಿ, ಮೀನಿನ ಹೆಸರನ್ನೂ ಸೇರಿಸಿ. ಮ್ತೋರಿ ಎಂಬ ಬಾಳೆಕಾಯಿ ಗಂಜಿಯಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ. ಹುರುಳಿಕಾಯಿ ಬೀಜದ ಮಹರಾಗೆ, ದಂಟಿನ ಸೊಪ್ಪು, ಉಗಾಲಿ ಸಿಕ್ಕರೆ ಧಾರಾಳವಾಯಿತು. ಉಗಾಲಿ ಮೆಕ್ಕೆಜೋಳದ ಮುದ್ದೆಯೇ, ಆದರೆ ನುಂಗುವುದಲ್ಲ, ಅಗಿಯಬೇಕು. ನುಂಗಿ ನಗೆಪಾಟಲಾದೆ.

ಒಂದು ಮಧ್ಯಾಹ್ನ ಬೀಬಿ ಅಂಗಳದಲ್ಲಿ ಚಾಪೆ ಹಾಸಿ ಏನೋ ಒಣಗಿಸುತ್ತಿದ್ದರು. ಬಗ್ಗಿ ನೋಡಿದರೆ ಬಿಳಿ ಮೊಳಕೆ ಬಂದ ಕೆಂಪು ಕಾಳು. ರಾಗಿ! ಅಲ್ಲಿ ಉಲೇಜಿ. ಬಾಳೆಹಣ್ಣಿನ ಜೊತೆ ಸೇರಿಸಿ ಎಂಬೆಗೆ ಎಂಬ ಹೆಂಡ ಮಾಡುತ್ತಾರೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು ಎಂದು ತರಗತಿಯಲ್ಲಿ ಬರೆದುಕೊಂಡಿದ್ದೆ, ಮೂಗಿಗೆ ಹತ್ತಿದ್ದು ಅಂದು. ಮಂಡ್ಯದಿಂದ ಒಯ್ದಿದ್ದ ಹುರಿಹಿಟ್ಟು ತಂದು ಕೊಟ್ಟೆ. ಅಂಗೈಗೆ ಸುರಿದುಕೊಂಡು ಮೂಸಿ, ಚೂರು ನೆಕ್ಕಿ, ಬೀಬಿ ನನ್ನ ಕೆನ್ನೆ ಹಿಂಡಿದರು. ಮಾಮಾಗೆ ಪೇಟೆಯಲ್ಲಿ ಆರಿಸಿ ಕೊಂಡ ಉಡುಗೊರೆ ಮಾತ್ರ ಕೊನೆಯವರೆಗೂ ಕಪಾಟಿನಲ್ಲೇ ಇತ್ತು.

ಹೊರಡುವ ಹಿಂದಿನ ಸಂಜೆ ಬೀಬಿ ಹಳೆಯ ಕಾಂಗಾ ಬಟ್ಟೆಯ ತುದಿಗೆ ಎರಡು ಹಿಡಿ ಬಿತ್ತನೆ ಉಲೇಜಿ ಕಟ್ಟಿ ಕೊಟ್ಟರು. ಬೀಜವನ್ನು ಪರವಾನಗಿ ಇಲ್ಲದೆ ಭಾರತಕ್ಕೆ ತರುವಂತಿಲ್ಲ. ನನ್ನ ಹರುಕು ಸ್ವಾಹಿಲಿಯಲ್ಲಿ ಅದನ್ನು ವಿವರಿಸುವಷ್ಟರಲ್ಲಿ ಕಣ್ಣೀರು ಬಂತು. ಬೀಬಿ ಗಂಟು ಬಿಚ್ಚಿದರು, ಒರಳಿಗೆ ಹಾಕಿದರು. ಬೆಳಿಗ್ಗೆ ಗಂಜಿ ಕುಡಿದು, ಸಾ ಎಂಬಿಲಿಯ ದಲದಲ ಹತ್ತಿದೆ.